ಪಟ್ಟಿಯಿಲ್ಲದ ಒಂದು ದಿನ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಕೋಶ ಓದುವ ವಿದ್ಯೆಯನ್ನು ಕಲಿಸಲು ಪಾಠಶಾಲೆಗಳಿವೆ, ಉಪಾಧ್ಯಾಯರಿದ್ದಾರೆ, ಪರೀಕ್ಷೆಗಳೂ ಇವೆ. ಆದರೆ ದೇಶ ಸುತ್ತುವುದು ಹೇಗೆಂಬುದನ್ನು ಯಾರೂ ಯಾರಿಗೂ ಕಲಿಸಿದಂತೆ ಕಾಣುವುದಿಲ್ಲ. ಅದು ತಾನಾಗಿಯೇ ಬರುವ ವಿದ್ಯೆಯೆಂದು ಎಲ್ಲರೂ ಭಾವಿಸಿರುತ್ತಾರೆ. ಇದರ ಪರಿಣಾಮವನ್ನು ಬೇಸಗೆಯ ರಜೆಯಲ್ಲಿ ಯಾವ ಬಸ್ಸುನಿಲ್ದಾಣದಲ್ಲಿ ಬೇಕಾದರೂ ನೋಡಬಹುದು. ವಿಶ್ರಾಂತಿಗೆಂದು ಹೊರಟ ಸಂಸಾರಗಳು ಹೊರಟಾಗ ಇದ್ದುದಕ್ಕಿಂತ ಇಮ್ಮಡಿ ದಣಿವನ್ನು ಹೊತ್ತು ಅಲ್ಲಿ ಇಳಿಯುತ್ತಿರುತ್ತವೆ. ದೊಡ್ಡವರ ಮುಖ ಬಾಡಿರುತ್ತದೆ. ಚಿಕ್ಕವರ ಮುಖ ಊದಿರುತ್ತದೆ. ಎಷ್ಟು ಸ್ಥಳಗಳನ್ನು ನೋಡಿದಿರಿ ಎಂದು ಕೇಳಿದರೆ ಒಂದೇ ಉಸಿರಿಗೆ ಹತ್ತು ಹೆಸರುಗಳು ಬರುತ್ತವೆ. ಏನನ್ನು ನೋಡಿದಿರಿ ಎಂದು ಕೇಳಿದರೆ ಮಾತ್ರ ಉತ್ತರಕ್ಕೆ ತುಸು ಕಾಯಬೇಕಾಗುತ್ತದೆ.

ದೊಡ್ಡವರೂ ಚಿಕ್ಕ ಮಕ್ಕಳೂ ಕಾಲವನ್ನು ಅಳೆಯುವ ಅಳತೆಗೋಲು ಒಂದೇ ಅಲ್ಲ. ದೊಡ್ಡವರ ಪಾಲಿಗೆ ಒಂದು ದಿನವೆಂದರೆ ಹನ್ನೆರಡು ಗಂಟೆಗಳ ಬೆಳಕು; ಅದನ್ನು ಆರು ಸ್ಥಳಗಳಿಗೆ ಹಂಚಿದರೆ ಸ್ಥಳಕ್ಕೆ ಎರಡು ಗಂಟೆ ಬರುತ್ತದೆ. ಮಕ್ಕಳಿಗೆ ಈ ಭಾಗಾಕಾರ ತಿಳಿಯದು. ಇರುವೆಯ ಸಾಲೊಂದು ಗೋಡೆಯ ಬಿರುಕಿನೊಳಗೆ ಹೋಗುತ್ತಿದ್ದರೆ, ಕೊನೆಯ ಇರುವೆ ಒಳಗೆ ಹೋಗುವವರೆಗೂ ಅವರ ದಿನ ಅಲ್ಲಿಯೇ ನಿಂತಿರುತ್ತದೆ. ಇಬ್ಬರೂ ಒಂದೇ ಕೈಯನ್ನು ಹಿಡಿದುಕೊಂಡು ಒಂದೇ ದಾರಿಯಲ್ಲಿ ನಡೆಯಬೇಕಾಗಿ ಬಂದಾಗ, ಮುಂದಕ್ಕೆ ಎಳೆಯುವವರು ಒಬ್ಬರು, ಹಿಂದಕ್ಕೆ ಜಗ್ಗುವವರು ಮತ್ತೊಬ್ಬರು ಆಗುವುದು ಸಹಜವೇ.

ಇತ್ತೀಚಿನ ಒಂದು ಬೇಸಗೆಯಲ್ಲಿ ದಾವಣಗೆರೆಯಿಂದ ಮೈಸೂರಿಗೆ ಬಂದ ಸಂಸಾರವೊಂದರ ಕತೆಯೂ ಹೀಗೆಯೇ ಆರಂಭವಾಯಿತು. ತಂದೆ ಸಹಕಾರ ಸಂಘವೊಂದರಲ್ಲಿ ಗುಮಾಸ್ತರು. ಲೆಕ್ಕದಲ್ಲಿ ಒಂದು ಪೈಸೆ ತಪ್ಪಿದರೂ ರಾತ್ರಿ ನಿದ್ರೆ ಮಾಡದವರು. ತಾಯಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ, ಮಂಡಿನೋವಿನ ಅಜ್ಜಿ, ಹೀಗೆ ಒಟ್ಟು ಐವರು. ತಂದೆಗೆ ದೊರೆತ ರಜೆ ಮೂರು ದಿನ. ಹೊರಡುವುದಕ್ಕೆ ತಿಂಗಳಿರುವಾಗಲೇ ಅವರು ಉದ್ದನೆಯ ಒಂದು ಕಾಗದದ ಮೇಲೆ ಗೀಟುಗಳನ್ನು ಎಳೆದು, ಹನ್ನೊಂದು ಸ್ಥಳಗಳ ಹೆಸರು ಬರೆದು, ಪ್ರತಿಯೊಂದರ ಮುಂದೆಯೂ ತಲುಪುವ ವೇಳೆ, ಹೊರಡುವ ವೇಳೆ ಎಂದು ಎರಡು ಕಲಮುಗಳನ್ನು ಮಾಡಿದ್ದರು. ಮೂರನೆಯ ಕಲಮು ಖಾಲಿ ಇದ್ದಿತು. ಅದು ನೋಡಿ ಮುಗಿದುದಕ್ಕೆ ಗುರುತು ಹಾಕುವ ಜಾಗ.

ಶನಿವಾರದ ದಿನ ಪಟ್ಟಿ ತನ್ನ ಪ್ರತಾಪವನ್ನು ತೋರಿಸಿತು. ಬೆಳಿಗ್ಗೆ ಆರು ಗಂಟೆಗೆ ಮಕ್ಕಳನ್ನು ಎಬ್ಬಿಸಿ ಚಾಮುಂಡಿಬೆಟ್ಟಕ್ಕೆ ಕರೆದೊಯ್ದದ್ದಾಯಿತು. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ ನಂದಿಯ ಮುಂದೆ ಐದು ನಿಮಿಷ ನಿಂತದ್ದಾಯಿತು. ಅಲ್ಲಿಂದ ಅರಮನೆ. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ವಿವಾಹದ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾದ ಮೇಲೆ, ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ಕಟ್ಟಲಾರಂಭಿಸಿ 1912ರಲ್ಲಿ ಮುಗಿಸಿದ ಭವ್ಯ ಸೌಧ ಅದು. ಬಣ್ಣದ ಗಾಜಿನ ಛಾವಣಿಯ ಕಲ್ಯಾಣಮಂಟಪದಲ್ಲಿ ಹುಡುಗಿ ತಲೆಯೆತ್ತಿ ನವಿಲುಗಳನ್ನು ಎಣಿಸಲು ತೊಡಗಿದಳು. ಲೆಕ್ಕ ಮುಗಿಯುವ ಮೊದಲೇ ಹೊರಡುವ ವೇಳೆಯ ಕಲಮು ಕರೆಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ಶ್ರೀರಂಗಪಟ್ಟಣ, ರಂಗನಾಥನ ದೇವಾಲಯ; ಸಂಜೆ ಕನ್ನಂಬಾಡಿಯ ಬೃಂದಾವನ. ಕಾರಂಜಿಗಳು ಬಣ್ಣದ ಬೆಳಕಿನಲ್ಲಿ ಕುಣಿಯಲು ಆರಂಭಿಸಿದ ಹೊತ್ತಿಗೆ ಹುಡುಗ ನೆಲಕ್ಕೆ ಕುಳಿತು ಅಳುತ್ತಿದ್ದ; ಹುಡುಗಿ ಮಾತು ಬಿಟ್ಟಿದ್ದಳು; ಅಜ್ಜಿ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುವ ಜಾಗ ಹುಡುಕುತ್ತಿದ್ದರು.

ಆ ರಾತ್ರಿ ವಸತಿಗೃಹದ ಕೋಣೆಯಲ್ಲಿ ತಂದೆ ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು ಕೇಳಿದರು: “ಇವತ್ತು ಏನೇನು ನೋಡಿದೆ, ಹೇಳು ಮಗು.”

ಹುಡುಗ ಯೋಚಿಸಿ ಹೇಳಿದ: “ಚಪ್ಪಲಿ ಬಿಡುವ ಜಾಗ.”

ಸುಳ್ಳಲ್ಲ. ಬೆಟ್ಟದ ದೇವಾಲಯದಲ್ಲಿ ಚಪ್ಪಲಿ ಬಿಟ್ಟಿದ್ದರು, ಅರಮನೆಯಲ್ಲಿ ಬಿಟ್ಟಿದ್ದರು, ರಂಗನಾಥನ ಸನ್ನಿಧಿಯಲ್ಲಿಯೂ ಬಿಟ್ಟಿದ್ದರು. ಮೂರು ಕಡೆಗಳಲ್ಲಿಯೂ ಅವನು ತನ್ನ ಪುಟ್ಟ ಚಪ್ಪಲಿಗಳು ಕಾಣೆಯಾಗುವುವೇನೋ ಎಂದು ಅಂಜಿದ್ದ. ಮೂರು ಕಡೆಗಳಲ್ಲಿಯೂ ಅವು ಮತ್ತೆ ಸಿಕ್ಕಾಗ ಹಿಗ್ಗಿದ್ದ. ಅವನ ಪಾಲಿನ ಮೈಸೂರು ಅದೇ ಆಗಿತ್ತು. ತಾಯಿ ನಕ್ಕರು. ತಂದೆ ನಗಲಿಲ್ಲ. ಕಾಗದವನ್ನು ತೆಗೆದು ಮರುದಿನದ ನಾಲ್ಕು ಸ್ಥಳಗಳ ವೇಳೆಯನ್ನು ಮತ್ತೊಮ್ಮೆ ತಿದ್ದತೊಡಗಿದರು. “ನಾಳೆ ಒಂದು ದಿನ ಈ ಪಟ್ಟಿ ಇಲ್ಲದೆ ಇರೋಣ” ಎಂದು ತಾಯಿ ಮೆಲ್ಲನೆ ಸೂಚಿಸಿದರು. “ಇಷ್ಟು ದೂರ ಬಂದು ನೋಡದೆ ಹೋಗುವುದೆ?” ಎಂದು ತಂದೆ ತುಸು ಗಡಸಾಗಿಯೇ ನುಡಿದು, ಕುಡಿಯುವ ನೀರು ತರಲು ಕೆಳಗಿಳಿದು ಹೋದರು.

ಆಗ ಅಜ್ಜಿ ಸೊಸೆಗೆ ಹಳೆಯ ಸಂಗತಿಯೊಂದನ್ನು ಹೇಳಿದರು. ದಾವಣಗೆರೆಯ ಹತ್ತಿಗಿರಣಿಗಳು ಆ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರನ್ನು ತಂದುಕೊಟ್ಟಿದ್ದ ಕಾಲವದು. ಅಜ್ಜ ಅಲ್ಲಿನ ಒಂದು ಗಿರಣಿಯಲ್ಲಿ ಮಗ್ಗದ ಕೆಲಸದವರಾಗಿದ್ದರು. ಗಿರಣಿಗೆ ವಾರಕ್ಕೊಂದು ರಜೆ ಇದ್ದಿತು, ಸಂಸಾರಕ್ಕೆ ಇರಲಿಲ್ಲ. ರಜೆಯ ದಿನ ಅವರು ಕಿರಾಣಿ ಮಳಿಗೆಯೊಂದರಲ್ಲಿ ಮೂಟೆ ಇಳಿಸುತ್ತಿದ್ದರು. ಮಗನ ಪಠ್ಯಪುಸ್ತಕದಲ್ಲಿ ಜಿರಾಫೆಯ ಚಿತ್ರವೊಂದಿತ್ತು. ಅದು ನಿಜವಾಗಿ ಅಷ್ಟು ಎತ್ತರ ಇರುತ್ತದೆಯೇ ಎಂದು ಆತ ಕೇಳಿದಾಗ, ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದು ಅಜ್ಜ ಮಾತು ಕೊಟ್ಟರು. ಒಂದು ಬೇಸಗೆ ಕಳೆಯಿತು, ಮತ್ತೊಂದು ಕಳೆಯಿತು. ಬಿಡುವಾಗಲಿಲ್ಲ. ಕೊನೆಗೆ ಗಿರಣಿಯೇ ಮುಚ್ಚಿತು. ಆಗ ಬಿಡುವೇನೋ ಬಂದಿತು, ಬಸ್ಸಿನ ಹಣ ಹೋಯಿತು. ಕೊಟ್ಟ ಮಾತನ್ನು ನಡೆಸಿಕೊಡದೆಯೇ ಅಜ್ಜ ತೀರಿಕೊಂಡರು. “ಅವನು ಏನನ್ನೂ ನೋಡಲಿಲ್ಲವಮ್ಮ. ಅದಕ್ಕೇ ಮಕ್ಕಳು ಎಲ್ಲವನ್ನೂ ನೋಡಬೇಕು ಅನ್ನುತ್ತಾನೆ” ಎಂದು ಹೇಳಿ ಅಜ್ಜಿ ಗೋಡೆಯ ಕಡೆಗೆ ಹೊರಳಿದರು.

ಪಟ್ಟಿ ಮಾಡುವವರನ್ನು ಕಂಡು ನಗುವುದು ಸುಲಭ. ಆದರೆ ಎಷ್ಟೋ ಪಟ್ಟಿಗಳ ಹಿಂದೆ ಇಂತಹ ಹಸಿವೊಂದು ಅಡಗಿರುತ್ತದೆ. ಹೊಟ್ಟೆ ತುಂಬ ಉಣ್ಣದೆ ಬೆಳೆದವರು ಮಕ್ಕಳ ಎಲೆಗೆ ಅಗತ್ಯಕ್ಕಿಂತ ಹೆಚ್ಚು ಬಡಿಸುವಂತೆ, ಬಿಡುವನ್ನೇ ಕಾಣದೆ ಬೆಳೆದವರು ಮಕ್ಕಳ ಬಿಡುವಿನ ತುಂಬ ನೋಟಗಳನ್ನು ಬಡಿಸುತ್ತಾರೆ. ಬಿಡುವು ಸುಮ್ಮನೆ ಬಂದ ವಸ್ತುವೂ ಅಲ್ಲ. ಭಾನುವಾರದ ರಜೆ ಸೂರ್ಯೋದಯದಂತೆ ತಾನಾಗಿ ಬರುತ್ತದೆಂದು ಈಗಿನವರು ತಿಳಿಯಬಹುದು. ಮುಂಬಯಿಯ ಗಿರಣಿ ಕೆಲಸಗಾರರಿಗೆ ವಾರದಲ್ಲಿ ಒಂದು ದಿನ ವಿಶ್ರಾಂತಿ ಬೇಕೆಂದು ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ, 1890ರಲ್ಲಿ ಮಾಲೀಕರು ಅದಕ್ಕೆ ಒಪ್ಪಿದರು. ಸ್ವತಂತ್ರ ಭಾರತದ 1948ರ ಕಾರ್ಖಾನೆಗಳ ಕಾಯಿದೆ ವಾರದ ರಜೆಯನ್ನು ಕೆಲಸಗಾರನ ಹಕ್ಕನ್ನಾಗಿ ಮಾಡಿತು. ಅಷ್ಟು ಕಷ್ಟದಿಂದ ದೊರೆತ ದಿನವನ್ನೂ ಮೂಟೆ ಹೊರುವುದಕ್ಕೆ ಮಾರಿಕೊಂಡ ಅಜ್ಜನಂಥವರು ಎಷ್ಟು ಮಂದಿಯೋ!

ಮರುದಿನ ಭಾನುವಾರ. ತಂದೆ ಎದ್ದಾಗ ಮಕ್ಕಳನ್ನು ಎಬ್ಬಿಸದಂತೆ ತಾಯಿ ಸನ್ನೆ ಮಾಡಿದರು. “ಇವತ್ತು ಒಂದೇ ಸ್ಥಳ. ಮೃಗಾಲಯ. ಅಲ್ಲಿ ಎಷ್ಟು ಹೊತ್ತಾದರೂ ಆಗಲಿ” ಎಂದರು. ಅವರು ರಾತ್ರಿ ಕೇಳಿದ ಸಂಗತಿಯನ್ನು ಆಡಿ ತೋರಿಸಲಿಲ್ಲ. ತಂದೆಯೂ ಏಕೋ ವಾದಿಸಲಿಲ್ಲ. ಮಕ್ಕಳು ತಾವಾಗಿಯೇ ಎಚ್ಚರಗೊಂಡಾಗ ಎಂಟು ಗಂಟೆ ಮೀರಿತ್ತು. ಇಡ್ಲಿ ತಿನ್ನುವುದಕ್ಕೆ ಹುಡುಗ ಅರ್ಧ ಗಂಟೆ ತೆಗೆದುಕೊಂಡ. ಚಟ್ನಿಯಲ್ಲಿ ಬೆರಳದ್ದಿ ತಟ್ಟೆಯ ಮೇಲೆ ರಸ್ತೆ ಮಾಡಿದ. ಆ ರಸ್ತೆಯಲ್ಲಿ ಇಡ್ಲಿಯ ಬಂಡಿ ಓಡಿತು. ಹಿಂದಿನ ದಿನವಾಗಿದ್ದರೆ ಈ ವಾಹನಸಂಚಾರಕ್ಕೆ ಒಡನೆಯೇ ತಡೆ ಬೀಳುತ್ತಿತ್ತು.

ಹೊರಗೆ ಟಾಂಗಾ ನಿಂತಿತ್ತು. ಮೋಟಾರುಗಳ ಗದ್ದಲದ ನಡುವೆ ಮೈಸೂರಿನಲ್ಲಿ ಇನ್ನೂ ಕೆಲವು ಟಾಂಗಾಗಳು ಉಳಿದುಕೊಂಡಿವೆ. ಐವರೂ ಹತ್ತಿದರು. ಕುದುರೆಯ ಗೊರಸಿನ ಸದ್ದಿಗೆ ಸರಿಯಾಗಿ ಹುಡುಗ ತಲೆಯಾಡಿಸುತ್ತಿದ್ದ. ದೊಡ್ಡ ಗಡಿಯಾರದ ಬಳಿಗೆ ಬಂದಾಗ ಹುಡುಗಿ ಥಟ್ಟನೆ ಕೂಗಿದಳು: “ಅಪ್ಪಾ, ಗಡಿಯಾರದ ಮೇಲೆ ಕನ್ನಡ!”

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗಾಗಿ 1927ರಲ್ಲಿ ಕಟ್ಟಿದ ಗೋಪುರವದು. ಎತ್ತರ ಸುಮಾರು 75 ಅಡಿ. ಅದರ ಮುಖದ ಮೇಲೆ ಅಂಕಿಗಳೆಲ್ಲ ಕನ್ನಡದವು. ಶಾಲೆಯಲ್ಲಿ ಕನ್ನಡದ ಅಂಕಿಗಳನ್ನು ಕಲಿತಿದ್ದರೂ ಹುಡುಗಿ ಅವನ್ನು ಪುಸ್ತಕದ ಹೊರಗೆ ಅಷ್ಟು ದೊಡ್ಡದಾಗಿ ಕಂಡಿರಲಿಲ್ಲ. ಒಂದರಿಂದ ಓದತೊಡಗಿದಳು. ಐದರವರೆಗೆ ಸುಗಮವಾಗಿ ಸಾಗಿತು. ೬ ಯಾವುದು, ೯ ಯಾವುದು ಎಂಬಲ್ಲಿ ತೊಡಕು ಬಂದಿತು. ಟಾಂಗಾದವನು ಕುದುರೆಯನ್ನು ನಿಲ್ಲಿಸಿದ. ಅಜ್ಜಿ ಎಣಿಸಿ ಹೇಳಬಹುದೆಂದರು. ತಾಯಿ ಬೇಡವೆಂದು ತಲೆಯಲ್ಲಾಡಿಸಿದರು. ತಂದೆ ಒಮ್ಮೆ ತಮ್ಮ ಕೈಗಡಿಯಾರವನ್ನು ನೋಡಿಕೊಂಡರು, ಆಮೇಲೆ ಗೋಪುರವನ್ನು ನೋಡಿದರು. “ಏಳರ ಹಿಂದೆ ಇರುವುದು ಆರು ತಾನೆ!” ಎಂದು ಹುಡುಗಿ ತಾನೇ ಕಂಡುಕೊಂಡು ಚಪ್ಪಾಳೆ ತಟ್ಟಿದಳು. ಪಟ್ಟಿಯಲ್ಲಿ ಆ ಗಡಿಯಾರದ ಹೆಸರೇ ಇರಲಿಲ್ಲ.

ಮೃಗಾಲಯವನ್ನು ತಲುಪಿದಾಗ ಹತ್ತೂವರೆ ದಾಟಿತ್ತು. ಚಾಮರಾಜೇಂದ್ರ ಒಡೆಯರು 1892ರಲ್ಲಿ ಅರಮನೆಯ ಮೃಗಾಲಯವಾಗಿ ಇದನ್ನು ಸ್ಥಾಪಿಸಿದಾಗ ಇದ್ದ ನೆಲ ಹತ್ತು ಎಕರೆ ಮಾತ್ರ. ಈಗ ಅದು ಅನೇಕ ಪಾಲು ಬೆಳೆದು, ದೊಡ್ಡ ಮರಗಳ ನೆರಳಿನಲ್ಲಿ ಒಂದು ಸಣ್ಣ ಕಾಡಿನಂತೆಯೇ ಹಬ್ಬಿದೆ. ಮಂಡಿನೋವಿನ ಅಜ್ಜಿಗಾಗಿ ಬ್ಯಾಟರಿಯ ವಾಹನ ದೊರೆಯಿತು. ಆದರೆ ಅವರು ಅದರಲ್ಲಿ ಒಂದು ಸುತ್ತು ಬಂದು ಇಳಿದುಬಿಟ್ಟರು. “ಇದು ನಿಮ್ಮಪ್ಪನಿಗಿಂತ ಅವಸರ ಮಾಡುತ್ತದೆ” ಎಂಬುದು ಮೊಮ್ಮಗಳಿಗೆ ಅವರು ಕೊಟ್ಟ ಕಾರಣ.

ಮಕ್ಕಳು ಮೊದಲು ಮನಸೋತದ್ದು ಹುಲಿಗಾಗಲಿ ಸಿಂಹಕ್ಕಾಗಲಿ ಅಲ್ಲ. ಕುಡಿಯುವ ನೀರಿನ ನಲ್ಲಿಯ ಬಳಿ ಸೋರಿದ ನೀರಿನಲ್ಲಿ ಮಿಂದು ಗರಿ ಕೆದರಿಕೊಳ್ಳುತ್ತಿದ್ದ ಒಂದು ಕಾಗೆಗೆ. ಅದನ್ನು ನೋಡಲು ಮೈಸೂರಿಗೆ ಬರಬೇಕಾಗಿರಲಿಲ್ಲ, ನಿಜ. ಆದರೆ ದಾವಣಗೆರೆಯ ಮನೆಯಲ್ಲಿ ಕಾಗೆ ಮೀಯುವುದನ್ನು ಪೂರ್ತಿ ನೋಡುವಷ್ಟು ಹೊತ್ತು ಅವರನ್ನು ಯಾರು ಬಿಡುತ್ತಾರೆ? ಶಾಲೆಯ ವಾಹನ ಬರುತ್ತದೆ, ಮನೆಗೆಲಸದ ಪುಸ್ತಕ ಕಾದಿರುತ್ತದೆ. ಹೊಸ ಊರು ಹೊಸ ನೋಟವನ್ನು ಕೊಡುವುದು ಒಂದು ಲಾಭವಾದರೆ, ಹಳೆಯ ನೋಟವನ್ನು ನೋಡಲು ಹೊಸ ಬಿಡುವನ್ನು ಕೊಡುವುದು ಇನ್ನೊಂದು ಲಾಭ.

ಜಿರಾಫೆಗಳ ಆವರಣದ ಬಳಿಗೆ ಬಂದರು. ಮೂರು ಜಿರಾಫೆಗಳು ಎತ್ತರದಲ್ಲಿ ಕಟ್ಟಿದ್ದ ಮೇವಿನ ಬುಟ್ಟಿಯ ಬಳಿ ನಿಂತಿದ್ದವು. ಅಲ್ಲಿದ್ದ ಕಾವಲಿನವನು ಮಕ್ಕಳೊಡನೆ ಮಾತನಾಡುವ ಸ್ವಭಾವದವನು. ದೊಡ್ಡ ಗಂಡು ಜಿರಾಫೆ ಹದಿನೆಂಟು ಅಡಿಯವರೆಗೂ ಬೆಳೆಯಬಲ್ಲದೆಂದೂ, ಮರಿ ಹುಟ್ಟುವಾಗಲೇ ಸುಮಾರು ಆರಡಿ ಇರುತ್ತದೆಂದೂ ಹೇಳಿದ. ಅಷ್ಟು ಉದ್ದದ ಕುತ್ತಿಗೆಯಲ್ಲಿ ಮೂಳೆಗಳು ಎಷ್ಟಿರಬಹುದೆಂದು ಹುಡುಗಿಯನ್ನು ಕೇಳಿದ. ಅವಳು ನೂರು ಎಂದಳು. “ಏಳೇ. ನಿನ್ನ ಕುತ್ತಿಗೆಯಲ್ಲಿಯೂ ಏಳೇ” ಎಂದಾಗ ಅವಳು ತನ್ನ ಕುತ್ತಿಗೆಯ ಹಿಂಭಾಗವನ್ನು ಮುಟ್ಟಿ ನೋಡಿಕೊಂಡಳು. ಅಷ್ಟರಲ್ಲಿ ಒಂದು ಜಿರಾಫೆ ತನ್ನ ಕಪ್ಪು ನೀಲಿ ಬಣ್ಣದ ಮೊಳದುದ್ದದ ನಾಲಗೆಯನ್ನು ಹೊರಚಾಚಿ ಸೊಪ್ಪಿನ ಎಲೆಯನ್ನು ಸುತ್ತಿ ಎಳೆಯಿತು. “ಅದು ನೇರಳೆಹಣ್ಣು ತಿಂದಿದೆ” ಎಂದು ಹುಡುಗ ತೀರ್ಪು ಕೊಟ್ಟ. ಅವನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಅವನಿಗೆ ಆನೆಯ ಕಡೆಗೆ ಹೋಗಬೇಕಾಗಿತ್ತು. ಅಪ್ಪನ ಬೆರಳನ್ನು ಹಿಡಿದು ಎಳೆದ.

ಅಪ್ಪ ಕದಲಲಿಲ್ಲ.

ಅವರು ಬೇಲಿಯ ಕಂಬಿಯನ್ನು ಎರಡು ಕೈಗಳಿಂದಲೂ ಹಿಡಿದುಕೊಂಡು, ತಲೆಯೆತ್ತಿ ನೋಡುತ್ತ ನಿಂತಿದ್ದರು. ಜಿರಾಫೆ ಮೇವನ್ನು ಅಗಿಯುವುದನ್ನು ನೋಡಿದರು. ನುಂಗಿದ ಮೇವು ಉದ್ದನೆಯ ಕೊರಳಿನಲ್ಲಿ ಇಳಿಯುವುದನ್ನು ನೋಡಿದರು. ಮತ್ತೆ ಮೆಲುಕಿಗಾಗಿ ಅದು ಮೇಲೇರುವುದನ್ನು ನೋಡಿದರು. ನಲವತ್ತು ದಾಟಿದ ಆ ಗೃಹಸ್ಥರ ಮುಖದಲ್ಲಿ ಪಠ್ಯಪುಸ್ತಕ ಹಿಡಿದ ಹುಡುಗನೊಬ್ಬ ಕಾಣಿಸುತ್ತಿದ್ದ. “ಅಪ್ಪಾ, ಬಾ” ಎಂದ ಮಗ. “ಇರು ಮಗು, ಸ್ವಲ್ಪ ಇರು” ಎಂದರು ಅಪ್ಪ. ಹಿಂದಿನ ದಿನವೆಲ್ಲ ಈ ಮಾತುಗಳು ನಡೆದಿದ್ದವು. ಬಾ ಎನ್ನುವವರೂ ಇರು ಎನ್ನುವವರೂ ಮಾತ್ರ ಈಗ ಸ್ಥಾನ ಬದಲಿಸಿದ್ದರು. ತಾಯಿ ಹುಡುಗನನ್ನು ತನ್ನತ್ತ ಕರೆದುಕೊಂಡರು. ಅಜ್ಜಿ ಕಲ್ಲುಬೆಂಚಿನ ಮೇಲೆ ಕುಳಿತು ಸೆರಗಿನ ತುದಿಯಿಂದ ಕನ್ನಡಕವನ್ನು ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು. ಹುಡುಗಿ ಅಪ್ಪನ ಬಳಿ ಕಾಗದ ಕೇಳಿದಳು. ಜೇಬಿಗೆ ಕೈಹಾಕಿದಾಗ ಸಿಕ್ಕಿದ್ದು ಪಟ್ಟಿಯೊಂದೇ. ನೋಟವನ್ನು ಕೀಳದೆಯೇ ಅದನ್ನೂ ಲೇಖನಿಯನ್ನೂ ಕೊಟ್ಟುಬಿಟ್ಟರು. ಅವಳು ಅದರ ಹಿಂಬದಿಯಲ್ಲಿ ಜಿರಾಫೆಯೊಂದನ್ನು ಬರೆದು, ಕುತ್ತಿಗೆಗೆ ಏಳು ಗೆರೆಗಳನ್ನು ಎಳೆದು, ಕೆಳಗೆ ಬೇಲಿಯ ಬಳಿ ಒಬ್ಬ ಚಿಕ್ಕ ಮನುಷ್ಯನನ್ನು ನಿಲ್ಲಿಸಿದಳು. ಮುಕ್ಕಾಲು ಗಂಟೆ ಹೀಗೆ ಕಳೆಯಿತು. ಅಷ್ಟು ಹೊತ್ತೂ ಯಾರೂ ತಂದೆಯನ್ನು ಕರೆಯಲಿಲ್ಲ.

ಹೊರಡುವಾಗ ಹುಡುಗಿ ಕಾವಲಿನವನನ್ನು ಕೇಳಿದಳು: “ಇವತ್ತು ಭಾನುವಾರ, ನಿಮಗೆ ರಜೆ ಇಲ್ಲವೆ?”

“ಎಲ್ಲರಿಗೂ ರಜೆ ಇರುವ ದಿನ ನಮಗೆ ಕೆಲಸ ಜಾಸ್ತಿ, ಮಗು. ಮೃಗಾಲಯಕ್ಕೆ ಮಂಗಳವಾರ ರಜೆ. ನಮ್ಮ ಭಾನುವಾರ ಅಂದರೆ ಮಂಗಳವಾರ” ಎಂದು ಅವನು ನಕ್ಕ. ಮೇವು ಹಾಕುವವರು ಮಾತ್ರ ಆ ದಿನವೂ ಸರದಿಯ ಮೇಲೆ ಬರಬೇಕೆಂದೂ, ಹೊಟ್ಟೆಗೆ ವಾರದ ರಜೆಯಿಲ್ಲವೆಂದೂ ಸೇರಿಸಿದ. ಮಂಗಳವಾರದಲ್ಲಿಯೂ ಒಂದು ಭಾನುವಾರ ಇರಬಲ್ಲದೆಂಬ ಈ ಮಾತು ಹುಡುಗಿಗೆ ಬಹಳ ಹಿಡಿಸಿತು. ದಾರಿಯುದ್ದಕ್ಕೂ ಅದನ್ನೇ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.

ಮಧ್ಯಾಹ್ನ ಪಕ್ಕದ ಕಾರಂಜಿ ಕೆರೆಯ ದಂಡೆಯಲ್ಲಿ ಕಳೆಯಿತು. ಅಲ್ಲಿ ಜನರು ಒಳಗೆ ನಡೆದಾಡಬಹುದಾದ ಹಕ್ಕಿಮನೆಯಿದೆ. ಸುಮಾರು ಅರವತ್ತು ಮೀಟರು ಉದ್ದ, ಐವತ್ತು ಮೀಟರು ಅಗಲ, ಇಪ್ಪತ್ತು ಮೀಟರು ಎತ್ತರದ ಬಲೆಯ ಮನೆಯದು. ಬೇರೆ ಕಡೆ ಹಕ್ಕಿ ಪಂಜರದಲ್ಲಿರುತ್ತದೆ, ಮನುಷ್ಯ ಹೊರಗಿರುತ್ತಾನೆ. ಇಲ್ಲಿ ಇಬ್ಬರೂ ಒಂದೇ ಪಂಜರದೊಳಗೆ. ನವಿಲೊಂದು ಕಾಲುದಾರಿಯ ನಡುವೆ ನಿಂತುದರಿಂದ ಎಲ್ಲರೂ ಅದು ಸರಿಯುವವರೆಗೆ ಕಾದರು. ಕಟ್ಟಿಕೊಂಡು ಬಂದಿದ್ದ ಮೊಸರನ್ನವನ್ನು ಹೊರಗಿನ ಮರದ ನೆರಳಿನಲ್ಲಿ ಉಂಡದ್ದಾಯಿತು. ಅಜ್ಜಿ ಹಾಗೆಯೇ ಸೆರಗನ್ನು ಹಾಸಿ ಮಲಗಿದರು. ನೀರಿನ ಮೇಲೆ ಹೆಜ್ಜಾರ್ಲೆಯೊಂದು ದೋಣಿಯಂತೆ ತೇಲುತ್ತಿತ್ತು. ಮಕ್ಕಳು ಒಣಗಿದ ಕಾಯಿಗಳನ್ನು ಆಯ್ದು ರಾಶಿ ಮಾಡಿದರು, ರಾಶಿಯನ್ನು ಕೆಡವಿದರು, ಮತ್ತೆ ಮಾಡಿದರು. ತಂದೆತಾಯಿಯರು ಮಾತನಾಡುತ್ತ ಕುಳಿತರು. ಮನೆಯ ಸಾಲದ ಕಂತು, ಅಕ್ಕಿಯ ಬೆಲೆ ಇವಾವುವೂ ಆ ಮಾತಿನಲ್ಲಿ ಸುಳಿಯಲಿಲ್ಲ. ಏನನ್ನು ಮಾತನಾಡಿದಿರೆಂದು ಆಮೇಲೆ ಕೇಳಿದ್ದರೆ ಇಬ್ಬರಿಗೂ ನೆನಪಾಗುತ್ತಿರಲಿಲ್ಲ. ಬಿಡುವಿನ ಮಾತಿನ ಲಕ್ಷಣವೇ ಅದು.

ಮೂರು ಗಂಟೆಗೆ ಮೋಡ ಕವಿದು ಬೇಸಗೆಯ ಮಳೆ ಸುರಿಯಿತು. ಚಪ್ಪರವೊಂದರ ಕೆಳಗೆ ಒಂದು ಗಂಟೆ ನಿಂತರು. ಹಿಂದಿನ ದಿನ ಈ ಮಳೆ ಬಂದಿದ್ದರೆ ಅದೊಂದು ವಿಘ್ನವಾಗುತ್ತಿತ್ತು. ಪಟ್ಟಿಯ ಎರಡು ಸ್ಥಳಗಳು ಕೊಚ್ಚಿಹೋಗುತ್ತಿದ್ದವು. ಈ ದಿನ ಅದೂ ಒಂದು ನೋಟವಾಯಿತು. ತಗಡಿನ ಅಂಚಿನಿಂದ ಬೀಳುವ ಹನಿಗಳನ್ನು ಅಂಗೈಯಲ್ಲಿ ಹಿಡಿಯುವ ಆಟವನ್ನು ಹುಡುಗ ಕಂಡುಹಿಡಿದ. ಪರಿಚಯವೇ ಇಲ್ಲದ ಮತ್ತೆರಡು ಸಂಸಾರಗಳ ಮಕ್ಕಳು ಅದರಲ್ಲಿ ಸೇರಿಕೊಂಡರು. ಮಳೆ ನಿಂತ ಮೇಲೆ ದೇವರಾಜ ಮಾರುಕಟ್ಟೆಯ ಕಡೆಗೆ ನಡೆದರು. ಅಲ್ಲಿ ಹೂವಿನ ಸಾಲಿನಲ್ಲಿ ಅಜ್ಜಿ ಒಂದು ಮೊಳ ಮೈಸೂರು ಮಲ್ಲಿಗೆಯನ್ನು ಕೊಂಡು, ಅರ್ಧವನ್ನು ಸೊಸೆಗೂ ಅರ್ಧವನ್ನು ಮೊಮ್ಮಗಳಿಗೂ ಮುಡಿಸಿದರು.

ಭಾನುವಾರದ ಸಂಜೆ ಏಳು ಗಂಟೆಯ ಸುಮಾರಿಗೆ ಅರಮನೆಗೆ ದೀಪಾಲಂಕಾರವುಂಟು. ಒಂದು ಲಕ್ಷದಷ್ಟು ದೀಪಗಳು ಒಮ್ಮೆಗೇ ಬೆಳಗುವುದನ್ನು ನೋಡಲು ಜನ ಕಿಕ್ಕಿರಿದು ನೆರೆಯುತ್ತಾರೆ. ಸಂಸಾರವೂ ಅತ್ತ ಸಾಗಿತು. ಹೆಬ್ಬಾಗಿಲಿನ ಹೊರಗೆ ಬುಗ್ಗೆಗಳನ್ನು ಮಾರುತ್ತಿದ್ದ ಹುಡುಗನೊಬ್ಬ ಎದುರಾದ. ವಯಸ್ಸು ಒಂಬತ್ತೋ ಹತ್ತೋ. ಅವನ ತಂದೆ ರಸ್ತೆಯ ಆಚೆ ಬದಿಯಲ್ಲಿ ಮಾರುತ್ತಿದ್ದ. ಹುಡುಗನಿಗೊಂದು ಕೆಂಪು ಬುಗ್ಗೆಯನ್ನು ಕೊಳ್ಳುವಾಗ ಹುಡುಗಿ ಕೇಳಿಯೇಬಿಟ್ಟಳು: “ನಿನ್ನ ಭಾನುವಾರ ಯಾವ ವಾರ?”

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅವಳು ಕಾವಲಿನವನ ಮಾತನ್ನು ವಿವರಿಸಿದಳು. ಆಗ ಅವನು ತುಸು ಯೋಚಿಸಿ ಉತ್ತರಿಸಿದ: “ಮಳೆ ಬಂದ ದಿನ. ಇವತ್ತು ಮಧ್ಯಾಹ್ನ ಒಂದು ಗಂಟೆ ಇತ್ತು.”

1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ವಿಶ್ರಾಂತಿ, ಬಿಡುವು ಮತ್ತು ಆಟಗಳನ್ನು ಪ್ರತಿಯೊಂದು ಮಗುವಿನ ಹಕ್ಕೆಂದು ಸಾರುತ್ತದೆ. ಭಾರತವೂ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಬಿಡುವು ಅನ್ನದಂತೆ ಒಂದು ಅವಶ್ಯಕತೆಯೆಂದು ಲೋಕದ ಹಿರಿಯರು ಕೂಡಿ ಬರೆದಿಟ್ಟ ಮಾತು ಅದು. ಬುಗ್ಗೆ ಮಾರುವ ಹುಡುಗನಿಗೆ ಆ ವಿಧಿ ತಿಳಿಯದು, ಮಳೆ ತಿಳಿದಿದೆ. ತಂದೆ ಅವನನ್ನು ಬಹಳ ಹೊತ್ತು ನೋಡಿದರು. ರಜೆಯ ದಿನ ಮೂಟೆ ಇಳಿಸುತ್ತಿದ್ದವರೊಬ್ಬರ ನೆನಪು ಅವರಿಗೆ ಬಂದಿತೋ ಏನೋ. ಒಂದು ಬುಗ್ಗೆಯ ಬೆಲೆಗೆ ನೋಟು ಕೊಟ್ಟು, ಚಿಲ್ಲರೆಗಾಗಿ ನಿಲ್ಲದೆ ನಡೆದರು. ಹುಡುಗ ಓಡಿಬಂದು ಚಿಲ್ಲರೆಯನ್ನು ಎಣಿಸಿ ಅವರ ಕೈಗೇ ಹಾಕಿ ಹೋದ. ದಯೆಯಿಂದ ತೀರುವ ಲೆಕ್ಕ ಅದಲ್ಲವೆಂಬುದನ್ನು ಅವನ ಬೆನ್ನು ಹೇಳುತ್ತಿದ್ದಂತಿತ್ತು. ಹುಡುಗಿಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ದೊಡ್ಡವರದೂ ಹೌದು, ದೊಡ್ಡವರಾಗಲಿರುವವರದೂ ಹೌದು.

ಅರಮನೆಯ ಅಂಗಳ ತುಂಬಿತ್ತು. ಕತ್ತಲು ಇಳಿಯುತ್ತಿದ್ದಂತೆ ಹುಡುಗ ಅಪ್ಪನ ಹೆಗಲ ಮೇಲೆ ನಿದ್ರೆಹೋದ. ಬುಗ್ಗೆಯ ದಾರ ಅವನ ಮಣಿಕಟ್ಟಿಗೆ ಸುತ್ತಿಕೊಂಡೇ ಇದ್ದಿತು. ಒಂದು ಕ್ಷಣದಲ್ಲಿ ದೀಪಗಳು ಹೊತ್ತಿಕೊಂಡವು. ಗೋಪುರ, ಕಮಾನು, ಮಂಟಪಗಳ ಒಂದೊಂದು ಅಂಚೂ ಹೊನ್ನಿನ ಗೆರೆಯಾಗಿ ಮೂಡಿತು. ನೆರೆದ ಜನರಿಂದ ಒಂದೇ ಉದ್ಗಾರ ಹೊರಟಿತು. “ಮಗುವನ್ನು ಎಬ್ಬಿಸಿ, ಇಂತಹ ನೋಟ ಮತ್ತೆ ಸಿಕ್ಕೀತೆ?” ಎಂದು ಪಕ್ಕದಲ್ಲಿದ್ದ ಹಿರಿಯರೊಬ್ಬರು ಸೂಚಿಸಿದರು. ತಂದೆ ಮಗನ ಮುಖವನ್ನು ನೋಡಿದರು. ಅದರ ಮೇಲೆಯೂ ಬೆಳಕು ಬಿದ್ದಿತ್ತು. “ಮಲಗಲಿ. ಇನ್ನೊಮ್ಮೆ ಬರುತ್ತೇವೆ” ಎಂದರು.

ಮೂರನೆಯ ದಿನ ಅವರು ಊರಿಗೆ ಹೊರಟಾಗ ಪಟ್ಟಿಯ ಆರು ಸ್ಥಳಗಳು ಗುರುತು ಬೀಳದೆ ಉಳಿದಿದ್ದವು. ಆ ಕಾಗದ ಈಗಲೂ ಅವರ ಮನೆಯಲ್ಲಿದೆ. ಗೋಡೆಗೆ ಅಂಟಿಸಿರುವುದರಿಂದ ಸ್ಥಳಗಳ ಹೆಸರುಗಳು ಒಳಮುಖವಾಗಿವೆ. ಹೊರಗೆ ಕಾಣುವುದು ಏಳು ಗೆರೆಗಳ ಕುತ್ತಿಗೆಯ ಒಂದು ಜಿರಾಫೆ, ಮತ್ತು ಅದರ ಕೆಳಗೆ ತಲೆಯೆತ್ತಿ ನಿಂತ ಒಬ್ಬ ಚಿಕ್ಕ ಮನುಷ್ಯ.